ಲಕ್ಕೂರಿನ ಆಮೆ

ಕ್ಲಬ್ಬಿನ ಕೆಲಸದಿಂದ ನಿವೃತ್ತಳಾದ ಮೇಲೆ, ನನ್ನ ಕುರ್ಚಿಗೆ ಹೊಸದಾಗಿ ಬಂದವರು ಒಂದು ಬೆಳಿಗ್ಗೆ ಫೋನ್ ಮಾಡಿ, "ಪದ್ಮಾವತಿ ಮೇಡಂ, ಈ ಕೆಲಸದಲ್ಲಿ ಮುಖ್ಯವಾಗಿ ಏನ್ ತಿಳ್ಕೊಂಡಿರ್ಬೇಕು?" ಎಂದು ಕೇಳಿದರು. "ಯಾರನ್ನೂ ನಂಬಬೇಡಿ" ಎಂದೆ. ತಮಾಷೆ ಎಂದುಕೊಂಡು ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಅನುಮಾನ ನನಗೆ ಹುಟ್ಟಿನಿಂದಲೇ ಬಂದದ್ದು. ತರಕಾರಿಯವನು ತಕ್ಕಡಿಗೆ ಬಟ್ಟು ಇಟ್ಟರೆ ಅದರ ತಳ ತಿರುಗಿಸಿ ನೋಡುವವಳು ನಾನು. ಮನೆಯಲ್ಲಿ ಇದಕ್ಕಾಗಿ ಬೈಸಿಕೊಂಡಿದ್ದೇ ಹೆಚ್ಚು. ಇದೇ ಗುಣಕ್ಕೆ ಸಂಬಳ ಕೊಟ್ಟದ್ದು ಕ್ಲಬ್ಬು ಮಾತ್ರ.

ನಮ್ಮದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕೆರೆ, ಗುಡ್ಡ ಸುತ್ತಿ ಹಕ್ಕಿ, ಚಿಟ್ಟೆ, ಪ್ರಾಣಿ ನೋಡುವವರ ಕ್ಲಬ್ಬು. ಕೋಲಾರದ ಕ್ಲಾಕ್ ಟವರ್ ಹತ್ತಿರ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯೇ ಕಚೇರಿ. ಕ್ಲಬ್ಬಿಗೊಂದು ಇ-ಮೇಲ್ ಗುಂಪಿತ್ತು, ಈಗಲೂ ಇದೆ. ಒಬ್ಬ ಸದಸ್ಯರು ಗುಂಪಿನ ವಿಳಾಸಕ್ಕೆ ಬರೆದರೆ ಅದು ಎಲ್ಲರಿಗೂ ಹೋಗುತ್ತದೆ, ಬರೆದದ್ದೆಲ್ಲ ಒಂದು ಕಡೆ ಶೇಖರವಾಗುತ್ತದೆ. ಆ ಶೇಖರಕ್ಕೆ ಆರ್ಕೈವ್ ಅನ್ನುತ್ತಿದ್ದೆವು. ಯಾರನ್ನು ಗುಂಪಿನೊಳಗೆ ಬಿಡಬೇಕು, ಯಾರ ಗುಟ್ಟು ಎಲ್ಲಿ ಸೋರುತ್ತಿದೆ, ಹಳೆಯ ಮೇಲ್‌ಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸ.

ಕೇಳಿದರೆ ಇದು ಕೈಯಲ್ಲಿ ದುರ್ಬೀನು ಹಿಡಿದವರ ಹುಡುಗಾಟದಂತೆ ಕಾಣುತ್ತದೆ. ಆದರೆ ಈ ಗುಂಪಿಗೆ ಬಂದ ಒಂದು ಮೇಲ್‌ನಿಂದಾಗಿ, ತಲೆಮರೆಸಿಕೊಂಡಿದ್ದ ಒಬ್ಬ ಹೆಣ್ಣುಮಗಳು ಯಾರ ಕೈಗೆ ಸಿಗಬಾರದಿತ್ತೋ ಅವನ ಕೈಗೇ ಸಿಗುವುದರಲ್ಲಿದ್ದಳು. ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಕೆಲಸ ಹೇಗಿತ್ತು ಎಂದು ಮೊದಲು ಸ್ವಲ್ಪ ಹೇಳದಿದ್ದರೆ ಅದು ಅರ್ಥವಾಗುವುದಿಲ್ಲ.

ಈಗಿನವರು, ವಾಟ್ಸಾಪ್ ಇರುವಾಗ ಮೇಲ್ ಯಾಕೆ ಅನ್ನುತ್ತಾರೆ. ವಾಟ್ಸಾಪ್ ಗುಂಪಿಗೆ ಸೇರಿದ ಮರುಗಳಿಗೆಯಲ್ಲಿ ನಿಮ್ಮ ಫೋನ್ ನಂಬರು ಅಲ್ಲಿರುವ ಎಲ್ಲರಿಗೂ ಕಾಣುತ್ತದೆ. ಆಮೇಲೆ ಬೆಳಿಗ್ಗೆ ಎದ್ದರೆ ಯಾವನೋ ಗುಡ್ ಮಾರ್ನಿಂಗ್ ಅಂತ ಗುಲಾಬಿ ಹೂ ಕಳಿಸಿರುತ್ತಾನೆ. ನಮ್ಮ ಹೆಣ್ಣುಮಕ್ಕಳಲ್ಲಿ ಹಲವರು ಈ ಒಂದೇ ಕಾರಣಕ್ಕೆ ಮೇಲ್ ಗುಂಪಿನಲ್ಲೇ ಉಳಿದರು. ನಾನು ಯಾವ ಸದಸ್ಯರ ನಂಬರನ್ನೂ ಇನ್ನೊಬ್ಬ ಸದಸ್ಯರಿಗೆ ಕೊಡುತ್ತಿರಲಿಲ್ಲ. ಬೇಕಾದರೆ ನಾನೇ ಫೋನ್ ಮಾಡಿ, "ಇಂಥವರು ನಿಮ್ಮ ನಂಬರು ಕೇಳ್ತಾ ಇದಾರೆ, ಕೊಡ್ಲಾ?" ಎಂದು ಕೇಳುತ್ತಿದ್ದೆ. ಇದರಿಂದ ನನಗೆ ಜಂಬದ ಕೋಳಿ ಎಂಬ ಹೆಸರು ಬಂತು. ಬರಲಿ ಎಂದು ಸುಮ್ಮನಿದ್ದೆ.

ಸದಸ್ಯತ್ವಕ್ಕೆ ಅರ್ಜಿ ಬಂದಾಗ ನಾನು ಅದನ್ನು ಓದಿ ಬದಿಗಿಟ್ಟು ಫೋನ್ ಎತ್ತುತ್ತಿದ್ದೆ. ಅರ್ಜಿಯಲ್ಲಿ ಎಲ್ಲರೂ ನಿಸರ್ಗಪ್ರೇಮಿಗಳೇ. ಫೋನಿನಲ್ಲಿ ಬಣ್ಣ ಗೊತ್ತಾಗುತ್ತದೆ. ಒಮ್ಮೆ ವೇಮಗಲ್ ಕಡೆಯವನೊಬ್ಬ, ಹಕ್ಕಿಗಳೆಂದರೆ ಪ್ರಾಣ ಎಂದು ಬರೆದಿದ್ದ.

"ಈಚೆಗೆ ಯಾವ ಹಕ್ಕಿ ನೋಡಿದ್ರಿ?" ಎಂದು ಕೇಳಿದೆ.

"ಎಲ್ಲಾ ಥರದ್ದೂ ನೋಡಿದೀನಿ ಮೇಡಂ."

"ಒಂದು ಹೆಸರು ಹೇಳಿ."

ಅವನು ಸ್ವಲ್ಪ ಹೊತ್ತು ಯೋಚಿಸಿ, "ಕಾಗೆ" ಎಂದ. ಆಮೇಲೆ, "ಮೇಡಂ, ಯಾವ್ಯಾವ ಕೆರೇಲಿ ಈಗ ನೀರಿಲ್ಲ ಅನ್ನೋದು ನಿಮ್ ಗುಂಪಲ್ಲಿ ಬರ್ತದಂತಲ್ಲ?" ಎಂದು ತಾನೇ ಬಾಯಿಬಿಟ್ಟ. ನೀರಿಲ್ಲದ ಕೆರೆಯಂಗಳದಲ್ಲಿ ಸೈಟು ಅಳೆಯುವವನು. ಅವನನ್ನು ಹೊರಗೇ ನಿಲ್ಲಿಸಿದೆ. ಅವನು ಅಧ್ಯಕ್ಷರ ಶಿಫಾರಸು ಹಿಡಿದುಕೊಂಡು ಮತ್ತೆ ಬಂದ. ಅಧ್ಯಕ್ಷರನ್ನೂ ಅವನನ್ನೂ ಒಟ್ಟಿಗೆ ಕೂರಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಅಧ್ಯಕ್ಷರೇ ಎದ್ದು ಹೋದರು.

ಈ ಅಧ್ಯಕ್ಷರ ವಿಷಯ ಹೇಳಬೇಕು. ಶ್ರೀಕಂಠಯ್ಯನವರು ಕಾಲೇಜಿನ ಪ್ರಿನ್ಸಿಪಾಲರಾಗಿ ನಿವೃತ್ತರಾದವರು, ಮೈಸೂರು ಕಡೆಯವರು. ಕೋಲಾರದಲ್ಲಿ ತಲೆಗೂದಲು ಹಣ್ಣಾಗುವಷ್ಟು ಕಾಲ ಕಳೆದರೂ ಒಂದಕ್ಷರ ತೆಲುಗು ಕಲಿತಿರಲಿಲ್ಲ. ತುಂಬ ಒಳ್ಳೆಯವರು. ಒಳ್ಳೆಯವರ ಬಗ್ಗೆ ನನಗೆ ಅನುಮಾನ ಇನ್ನೂ ಜಾಸ್ತಿ, ಎದುರಿಗಿರುವವರೂ ತಮ್ಮ ಹಾಗೇ ಎಂದುಕೊಂಡು ಬಾಗಿಲು ತೆಗೆದಿಡುತ್ತಾರೆ. ಗುಂಪಿನಲ್ಲಿ ಮಾತು ಬೆಳೆಯಲಿ ಎಂದು, ಯಾರೇ ಉತ್ತರ ಬರೆದರೂ ಅದು ತಾನಾಗಿ ಎಲ್ಲರಿಗೂ ಹೋಗುವಂತೆ ಮಾಡಿಸಿದ್ದು ಅವರೇ. ಇದು ಬೇಡ ಸಾರ್ ಎಂದು ಬಡಕೊಂಡೆ. "ನಮ್ಮಲ್ಲಿ ಮುಚ್ಚಿಡುವಂಥದ್ದೇನಿದೆ ಪದ್ಮಾವತಿ?" ಎಂದರು.

ಮುಚ್ಚಿಡುವಂಥದ್ದು ಏನಿದೆ ಎಂದು ತಾಯಲೂರಿನ ನಂಜುಂಡಪ್ಪ ಮೇಷ್ಟ್ರು ಬೇಗನೆ ತೋರಿಸಿಕೊಟ್ಟರು. ಕ್ಲಬ್ಬಿನ ವಾರ್ಷಿಕ ಸಭೆ ಮುಗಿದಿತ್ತು. ಮೇಷ್ಟ್ರು ತಮ್ಮ ಸ್ನೇಹಿತರೊಬ್ಬರಿಗೆ ಉತ್ತರ ಬರೆಯುತ್ತಾ, ಅಧ್ಯಕ್ಷರ ಭಾಷಣ ಮುಗಿಯುವ ಹೊತ್ತಿಗೆ ಉಪ್ಪಿಟ್ಟು ಗಾರೆಯಾಗಿತ್ತು, ಆ ಉಪ್ಪಿಟ್ಟಿನಲ್ಲಿ ಕೆರೆಯ ತೂಬು ಮುಚ್ಚಬಹುದಿತ್ತು ಎಂದು ಬರೆದರು. ಅದು ಎಲ್ಲರಿಗೂ ಹೋಯಿತು, ಅಧ್ಯಕ್ಷರಿಗೂ, ಉಪ್ಪಿಟ್ಟು ಮಾಡಿಸಿದ್ದ ಅವರ ಶ್ರೀಮತಿಗೂ. ಮೇಷ್ಟ್ರು ಹೌಹಾರಿ ಫೋನ್ ಮಾಡಿದರು.

"ಅಮ್ಮಾ ಪದ್ಮಾವತಿ, ಅದನ್ನ ವಾಪಸ್ ಎಳ್ಕೊಳಕ್ಕಾಗಲ್ವಾ?"

"ಆಗಲ್ಲ ಮೇಷ್ಟ್ರೇ. ಎಲ್ಲರ ಮನೆಗೂ ಹೋಗಾಯ್ತು. ಆರ್ಕೈವ್‌ನಿಂದ ತೆಗೀಬಹುದು ಅಷ್ಟೇ."

"ತೆಗಿಯಮ್ಮಾ, ಅದನ್ನಾದ್ರೂ ತೆಗಿ. ನಾಳೆ ಅವರ ಮುಖ ನೋಡ್ಬೇಕಲ್ಲ ನಾನು!"

ಅವತ್ತಿನಿಂದ ನಾನೊಂದು ರೂಢಿ ಇಟ್ಟುಕೊಂಡೆ. ತಪ್ಪಿ ಬಂದಂತೆ ಕಂಡ ಮೇಲ್ ಯಾವುದೇ ಇರಲಿ, ಮೊದಲು ಆರ್ಕೈವ್‌ನಿಂದ ತೆಗೆಯುವುದು, ಆಮೇಲೆ ಕಾರಣ ಕೇಳುವುದು. ಹೊಸಬರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಕಾರಣ ಕೇಳುತ್ತಾ ಕೂತಿರುವಾಗಲೇ ನಾಲ್ಕು ಜನ ಓದಿರುತ್ತಾರೆ.

ಆರ್ಕೈವ್ ಕೂಡ ಮೊದಮೊದಲು ಬಾಗಿಲಿಲ್ಲದ ಮನೆ. ಇಂಟರ್‌ನೆಟ್‌ನಲ್ಲಿ ಹುಡುಕಿದ ಯಾರಿಗಾದರೂ ನಮ್ಮ ಮೇಲ್‌ಗಳು ಸಿಗುತ್ತಿದ್ದವು. ಒಬ್ಬ ಸದಸ್ಯರು ನಕ್ಷತ್ರ ಆಮೆಗಳನ್ನು ಕಂಡ ಸಂತೋಷದಲ್ಲಿ ಯಾವ ಗುಡ್ಡ, ಯಾವ ಬಂಡೆಯ ಹಿಂದೆ, ಯಾವ ಪೊದೆ ಎಂದೆಲ್ಲ ಬರೆದುಬಿಟ್ಟರು. ಬೆನ್ನಿನ ಚಿಪ್ಪಿನ ಮೇಲೆ ಹಳದಿ ನಕ್ಷತ್ರದಂಥ ಗೆರೆಗಳಿರುವ ಈ ಆಮೆಗಳನ್ನು ಮನೆಯಲ್ಲಿಟ್ಟರೆ ಅದೃಷ್ಟ ಎಂದು ನಂಬುವವರಿದ್ದಾರೆ, ಹಿಡಿದು ಮಾರುವವರೂ ಇದ್ದಾರೆ. ನಾವು ಮತ್ತೆ ಅಲ್ಲಿಗೆ ಹೋದಾಗ ಪೊದೆಗಳನ್ನು ಕಡಿದು ಹಾಕಿದ್ದರು. ಒಂದು ಹರಿದ ಗೋಣಿಚೀಲ ಬಿದ್ದಿತ್ತು. ಆಮೆ ಒಂದೂ ಇರಲಿಲ್ಲ. ಶ್ರೀಕಂಠಯ್ಯನವರು ಬಂಡೆಯ ಮೇಲೆ ಕೂತು ಕಣ್ಣೊರೆಸಿಕೊಂಡರು. ಅವತ್ತೇ ಆರ್ಕೈವ್‌ಗೆ ಬೀಗ ಬಿತ್ತು. ಸದಸ್ಯರಲ್ಲದವರಿಗೆ ಕಾಣದಂತೆ ಮಾಡಿದೆ. ಕದ್ದವರು ಹೊರಗಿನವರೋ ಒಳಗಿನವರೋ ಗೊತ್ತಾಗಲಿಲ್ಲ. ಅಲ್ಲಿಂದ ಮುಂದೆ ಸದಸ್ಯರ ಹೆಸರುಗಳ ಮೇಲೆ ಕಣ್ಣಾಡಿಸುವಾಗಲೆಲ್ಲ ಇವರಿರಬಹುದೇ, ಅವರಿರಬಹುದೇ ಎಂದು ನನ್ನ ತಲೆ ಓಡುತ್ತಿತ್ತು. ಅಧ್ಯಕ್ಷರ ತಲೆಯೂ ಓಡುತ್ತಿತ್ತು ಅನ್ನುವುದು ಆಮೇಲೆ ತಿಳಿಯಿತು.

ಹೀಗಿರುವಾಗ ಒಂದು ಬುಧವಾರ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆದು ಕಂಪ್ಯೂಟರ್ ಮುಂದೆ ಕೂತೆ. ಗುಂಪಿಗೆ ವೆಂಕಟೇಶನ ಮೇಲ್ ಬಂದಿತ್ತು. ವೆಂಕಟೇಶ ಶ್ರೀನಿವಾಸಪುರದಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟವನು, ಮಾತು ಕಡಿಮೆ. ಗಡಿಯಾಚೆ ಆಂಧ್ರದ ಪಲಮನೇರಿನಲ್ಲಿ ಅವನ ಸ್ನೇಹಿತನೊಬ್ಬನಿದ್ದ, ಅವನೂ ನಮ್ಮ ಸದಸ್ಯನೇ. ಆ ಸ್ನೇಹಿತ ಗುಂಪಿಗೆ ಬರೆದಿದ್ದ ಒಂದು ಮೇಲ್‌ಗೆ ವೆಂಕಟೇಶ ಫೋನಿನಿಂದಲೇ ಉತ್ತರ ಬರೆದಿದ್ದ. ಇಂಗ್ಲಿಷ್ ಅಕ್ಷರ, ತೆಲುಗು ಮಾತು. ಅದು ಹೀಗಿತ್ತು: "ಆಮೆ ಲಕ್ಕೂರ್‌ಲೋ ಉಂದಿ. ಎವರಿಕೀ ಚೆಪ್ಪೊದ್ದು. ಆದಿವಾರಂ ತೀಸ್ಕೊಸ್ತಾ."

ಅಂದರೆ, ಆಮೆ ಲಕ್ಕೂರಿನಲ್ಲಿದೆ, ಯಾರಿಗೂ ಹೇಳಬೇಡ, ಭಾನುವಾರ ತರುತ್ತೇನೆ.

ನನ್ನ ಕಿವಿ ನೆಟ್ಟಗಾಯಿತು. ನಮ್ಮ ತವರು ಮುಳಬಾಗಿಲು ಕಡೆ. ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ, ಎರಡನ್ನೂ ಕಲಸಿಕೊಂಡೇ ಬೆಳೆದವರು. ಆಮೆಗೆ ತೆಲುಗಿನಲ್ಲಿ ತಾಬೇಲು ಎಂಬ ಮಾತಿದೆ, ಆದರೆ ನಮ್ಮಂಥವರು ತೆಲುಗು ಮಾತಾಡುವಾಗಲೂ ಸುಮ್ಮನೆ ಆಮೆ ಅಂದುಬಿಡುತ್ತೇವೆ. ಹಾಗಾಗಿ ನನಗೆ ಅದರಲ್ಲಿ ಯಾವ ಸಂದೇಹವೂ ಬರಲಿಲ್ಲ. ಜನರ ಮೇಲೆ ಅಷ್ಟು ಅನುಮಾನ ಪಡುವವಳು ಪದದ ಮೇಲೆ ಪಡಲಿಲ್ಲ. ಆದರೂ ರೂಢಿಯಂತೆ ಮೊದಲು ಮೇಲನ್ನು ಆರ್ಕೈವ್‌ನಿಂದ ತೆಗೆದು, ಆಮೇಲೆ ವೆಂಕಟೇಶನಿಗೆ ಫೋನ್ ಮಾಡಿದೆ.

"ಏನಪ್ಪಾ ಇದು ಆಮೆ ವಿಚಾರ?"

ಅವನು ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. "ಅಯ್ಯೋ, ಎಲ್ರಿಗೂ ಹೋಯ್ತಾ ಮೇಡಂ? ತೆಗೆದಾಕ್ಬಿಡಿ. ದಯವಿಟ್ಟು ಏನೂ ಕೇಳ್ಬೇಡಿ" ಎಂದು ಫೋನ್ ಇಟ್ಟುಬಿಟ್ಟ.

ಏನೂ ಕೇಳಬೇಡಿ ಅಂದವರನ್ನು ನಾನು ಸುಮ್ಮನೆ ಬಿಡುವವಳಲ್ಲ. ಆದರೆ ಅಷ್ಟರಲ್ಲಿ ಗುಂಪಿನಲ್ಲಿ ಗುಲ್ಲೆದ್ದಿತ್ತು. ಕಳ್ಳ ನಮ್ಮ ಪಕ್ಕದಲ್ಲೇ ಕೂತು ಉಪ್ಪಿಟ್ಟು ತಿಂದಿದ್ದಾನೆ ಎಂದು ಒಬ್ಬರು ಬರೆದರು. ಶ್ರೀಕಂಠಯ್ಯನವರು ಮಧ್ಯಾಹ್ನ ತಾವೇ ಮಹಡಿ ಹತ್ತಿ ಬಂದರು. ಅವರನ್ನು ಅಷ್ಟು ಸಿಟ್ಟಿನಲ್ಲಿ ನಾನು ನೋಡಿರಲಿಲ್ಲ.

"ಶನಿವಾರ ಕಮಿಟಿ ಸೇರಿಸೋಣ ಪದ್ಮಾವತಿ. ಅವನನ್ನು ತೆಗೆದುಹಾಕಿ ಅರಣ್ಯ ಇಲಾಖೆಗೆ ದೂರು ಕೊಡೋಣ. ನೀವು ಆ ಮೇಲ್ ತೆಗೆದದ್ದು ತಪ್ಪು. ಅದು ಸಾಕ್ಷಿ. ವಾಪಸು ಹಾಕಿ. ಅವನು ಇದುವರೆಗೆ ಬರೆದದ್ದನ್ನೆಲ್ಲ ಪ್ರಿಂಟ್ ತೆಗೆದಿಡಿ."

"ಪ್ರಿಂಟ್ ತೆಗೀತೀನಿ ಸಾರ್. ವಾಪಸ್ ಹಾಕೋದು ಶನಿವಾರ ನೋಡೋಣ."

"ಇದು ಆಜ್ಞೆ ಎಂದು ತಿಳಿಯಿರಿ."

"ತಿಳ್ಕೊಂಡೆ ಸಾರ್" ಎಂದೆ. ತಿಳಿದುಕೊಳ್ಳುವುದಕ್ಕೂ ಮಾಡುವುದಕ್ಕೂ ನಡುವೆ ಸ್ವಲ್ಪ ಜಾಗ ಇಟ್ಟುಕೊಳ್ಳುವುದನ್ನು ಈ ಕೆಲಸಕ್ಕೆ ಬರುವವರು ಕಲಿಯಬೇಕು.

ವೆಂಕಟೇಶನ ಹಳೆಯ ಮೇಲ್‌ಗಳನ್ನೆಲ್ಲ ಓದಿದೆ. ಕಳ್ಳತನದ ವಾಸನೆ ಹುಡುಕುತ್ತಲೇ ಓದಿದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಮಾವಿನ ತೋಪಿನ ಗಿಳಿಗಳು, ಕೆರೆ ಏರಿಯ ಮೇಲಿನ ಮಿಂಚುಳ್ಳಿ, ಇಷ್ಟೇ. ಆಮೆಯ ಸುದ್ದಿಯೇ ಇಲ್ಲ. ಮಾಲೂರು ತಾಲ್ಲೂಕಿನ ಲಕ್ಕೂರಿನ ಹೆಸರು ಒಂದೇ ಕಡೆ ಬಂದಿತ್ತು. ಅಲ್ಲಿನ ರತ್ನಮ್ಮ ಎಂಬ ಸದಸ್ಯೆಯ ಮನೆಯಲ್ಲಿ ಕ್ಲಬ್ಬಿನವರು ಒಮ್ಮೆ ತಿಂಡಿ ತಿಂದು ಕೆರೆ ನೋಡಲು ಹೋಗಿದ್ದೆವು. ರತ್ನಮ್ಮ ರೇಷ್ಮೆ ಹುಳು ಸಾಕುವವರು, ವೆಂಕಟೇಶನಿಂದ ಪೈಪು ಕೊಂಡು ಪರಿಚಯವಾದವರು. ಅವತ್ತಿನ ದಾರಿಯನ್ನು ವೆಂಕಟೇಶನೇ ಬರೆದು ಕಳಿಸಿದ್ದ: ಕೆರೆ ಏರಿ ಇಳಿದ ಮೇಲೆ ಎಡಕ್ಕೆ, ಹಿಪ್ಪುನೇರಳೆ ತೋಟ ದಾಟಿ, ಹುಳು ಮನೆಯ ಪಕ್ಕದ ನೀಲಿ ಗೇಟು, ಕೆಳಗೆ ರತ್ನಮ್ಮನ ಫೋನ್ ನಂಬರು. ಅಷ್ಟು ವಿವರ ಆರ್ಕೈವ್‌ನಲ್ಲಿ ಉಳಿದಿದ್ದಕ್ಕೆ ನನ್ನ ಮೇಲೆ ನನಗೇ ಕೋಪ ಬಂತು.

ಗುರುವಾರ ಹೊಸ ಸದಸ್ಯತ್ವದ ಅರ್ಜಿಯೊಂದು ಬಂತು. ಹೆಸರು ಪ್ರಕಾಶ್, ಊರು ಮುಳಬಾಗಿಲು, ಆಸಕ್ತಿ ಆಮೆಗಳು. ಕೆಳಗೆ, ಅಧ್ಯಕ್ಷರ ಪರಿಚಯದವರು ಕಳಿಸಿದ್ದಾರೆ, ಇವತ್ತೇ ಸೇರಿಸಿಕೊಳ್ಳಬೇಕು ಎಂದು ಬರೆದಿತ್ತು. ಹಕ್ಕಿ ನೋಡುವವರಿಗೆ ಇಷ್ಟು ಅವಸರ ಇರುವುದನ್ನು ನಾನು ಕಂಡಿರಲಿಲ್ಲ. ಫೋನ್ ಎತ್ತಿದೆ.

"ಆಮೆ ಎಲ್ಲಾದ್ರೂ ನೋಡಿದೀರಾ?"

"ಇಲ್ಲ ಮೇಡಂ, ಅದಕ್ಕೇ ಸೇರ್ತಿರೋದು. ಸೇರಿದ್ರೆ ಹಳೇ ಮೇಲೆಲ್ಲಾ ನೋಡಕ್ಕೆ ಸಿಗ್ತದಲ್ವಾ?"

"ಹಳೇದ್ಯಾಕೆ ನಿಮಗೆ?"

"ಲಕ್ಕೂರು ವಿಚಾರ ಬಂದಿತ್ತಂತಲ್ಲ ಮೇಡಂ."

"ಆ ಮೇಲ್ ತೆಗೆದಾಯ್ತು."

"ಅದು ನನ್ನತ್ರ ಐತೆ. ಲಕ್ಕೂರಲ್ಲಿ ಯಾರ ಮನೇಲವ್ಳೆ ಅನ್ನೋದು ಗೊತ್ತಾದ್ರೆ ಸಾಕು."

ಹಾಗೆಂದವನೇ ಮತ್ತೆ ಗಂಟಲು ಸರಿಮಾಡಿಕೊಂಡು, ಅದೇ ಗೊಗ್ಗರು ದನಿಯಲ್ಲಿ, "ಐತೆ, ಐತೆ. ಯಾರ ಮನೇಲೈತೆ ಅಂತ ಕೇಳ್ದೆ" ಎಂದ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ತೆಲುಗಿನಲ್ಲಿ ಆಮೆ ಅಂದರೆ ಅವಳು, ಆಕೆ. ಅದು ಓದಿದವರ ತೆಲುಗು. ನಮ್ಮ ಮನೆಗಳಲ್ಲಿ ಆಯಮ್ಮ ಅನ್ನುತ್ತೇವೆ, ಅದಕ್ಕೇ ನನಗೆ ಹೊಳೆದಿರಲಿಲ್ಲ. ಪಲಮನೇರಿನ ಸ್ನೇಹಿತನಿಗೆ ಬರೆಯುವಾಗ ವೆಂಕಟೇಶ ಅವರ ಮಾತು ಬಳಸಿದ್ದ. ಇನ್ನು 'ಉಂದಿ' ಅನ್ನುವುದಂತೂ ತೆಲುಗಿನಲ್ಲಿ ಹೆಂಗಸಿಗೂ ಅದೇ, ಆಮೆಗೂ ಅದೇ, ಕುರ್ಚಿಗೂ ಅದೇ. ಕನ್ನಡ ಹಾಗಲ್ಲ. ಕನ್ನಡದಲ್ಲಿ ಆಮೆ ಇದೆ, ಹೆಂಗಸು ಇದ್ದಾಳೆ. ಆ ಮನುಷ್ಯ ತೆಲುಗಿನಲ್ಲೇ ಮಾತಾಡಿದ್ದರೆ ನನಗೆ ಸುಳಿವೇ ಸಿಗುತ್ತಿರಲಿಲ್ಲ.

ಯಾವಳೋ ಒಬ್ಬಳು ಲಕ್ಕೂರಿನಲ್ಲಿ ಅಡಗಿದ್ದಾಳೆ, ಇವನು ಹುಡುಕುತ್ತಿದ್ದಾನೆ. ಮನೆಯ ದಾರಿ, ಗೇಟಿನ ಬಣ್ಣ, ಫೋನ್ ನಂಬರು ಎಲ್ಲವೂ ನನ್ನ ಮುಂದಿನ ಕಂಪ್ಯೂಟರಿನಲ್ಲಿ ಬಿದ್ದುಕೊಂಡಿದೆ. ಇವನನ್ನು ಸದಸ್ಯನನ್ನಾಗಿ ಮಾಡಿದರೆ ಲಕ್ಕೂರು ಎಂದು ಒತ್ತಿ ಹುಡುಕುವುದಷ್ಟೇ ಬಾಕಿ. ದನಿಯನ್ನು ಸಾಧ್ಯವಾದಷ್ಟು ಮೆತ್ತಗೆ ಮಾಡಿಕೊಂಡು, "ಅರ್ಜಿ ಶನಿವಾರ ಕಮಿಟಿ ಮುಂದಿಡ್ತೀನಿ. ಆಮೇಲೆ ಫೋನ್ ಮಾಡಿ" ಎಂದೆ.

"ಅಷ್ಟು ದಿನ ಯಾಕೆ ಮೇಡಂ?"

"ರೂಲ್ಸು ಹಂಗೈತಪ್ಪಾ."

ಅಂಥ ರೂಲ್ಸು ಯಾವುದೂ ಇರಲಿಲ್ಲ. ಫೋನ್ ಇಟ್ಟವಳೇ ಲಕ್ಕೂರಿನ ದಾರಿ ಬರೆದಿದ್ದ ಮೇಲ್ ಅನ್ನೂ ಅದಕ್ಕೆ ಬಂದ ಉತ್ತರಗಳನ್ನೂ ಅಳಿಸಿ, ಇಡೀ ಆರ್ಕೈವ್ ನನ್ನೊಬ್ಬಳ ಹೊರತು ಯಾರಿಗೂ, ಅಧ್ಯಕ್ಷರಿಗೂ ಕಾಣದಂತೆ ಮುಚ್ಚಿದೆ. ಆಮೇಲೆ ವೆಂಕಟೇಶನಿಗೆ ಫೋನ್ ಮಾಡಿದೆ. ಅವನು ಎತ್ತಲಿಲ್ಲ. ಮತ್ತೆ ಮಾಡಿದೆ.

"ಮೇಡಂ, ನಾನು ಹೇಳ್ದೆನಲ್ಲ..."

"ಇಡಬೇಡ ಫೋನು. ಆಮೆ ಅಂದ್ರೆ ಹೆಂಗಸಲ್ವೇನಪ್ಪಾ?"

ಆ ಕಡೆಯಿಂದ ಅಳು ಬಂತು. ಅಂಗಡಿಯಲ್ಲಿ ಗಿರಾಕಿಗಳಿದ್ದರೇನೋ, ಬಾಯಿಗೆ ಬಟ್ಟೆ ಇಟ್ಟುಕೊಂಡು ಅಳುತ್ತಿದ್ದ. "ನಮ್ಮಕ್ಕ ಮೇಡಂ. ಭಾಗ್ಯ ಅಂತ. ಮುಳಬಾಗ್ಲಿಗೆ ಕೊಟ್ಟಿದ್ವಿ. ಕೈ ಮುರ್ದಿದಾನೆ ಮೇಡಂ ಅವ್ನು. ಈ ಸಾರಿ ಸಾಯಿಸ್ತೀನಿ ಅಂತ ಸೀಮೆಎಣ್ಣೆ ತಂದಿಟ್ಟಿದ್ನಂತೆ. ರತ್ನಕ್ಕನ ಮನೇಲಿ ಬಿಟ್ಟಿದೀನಿ. ಭಾನುವಾರ ಪಲಮನೇರಿಗೆ ಕರ್ಕೊಂಡೋಗಿ ಸ್ನೇಹಿತನ ಮನೇಲಿ ಇಡಣ ಅಂತಿದ್ದೆ."

"ಅವನ ದನಿ ಗೊಗ್ಗರು ದನೀನಾ? ಮಾತಿಗೊಂದ್ಸಾರಿ ಗಂಟಲು ಸರಿ ಮಾಡ್ಕೋತಾನಾ?"

"ಹೂಂ ಮೇಡಂ. ನಿಮಗೆಂಗೆ ಗೊತ್ತು?"

"ಈಗಿನ್ನೂ ಮಾತಾಡ್ದೆ ಅವನತ್ರ. ಲಕ್ಕೂರು ಅನ್ನೋವರ್ಗೂ ಗೊತ್ತಾಗಿದೆ ಅವನಿಗೆ. ಭಾನುವಾರ ಅಲ್ಲ ಕಣಪ್ಪಾ, ಈಗ್ಲೇ ಹೊರಡು. ಪಲಮನೇರೂ ಬೇಡ, ಆ ಸ್ನೇಹಿತನ ಹೆಸರೂ ಅದೇ ಮೇಲ್‌ನಲ್ಲಿದೆ. ಎಲ್ಲಿಗೆ ಕರ್ಕೊಂಡೋಗ್ತೀಯ ಅನ್ನೋದು ನನಗೂ ಹೇಳಬೇಡ."

ಅವನು ಷಟರ್ ಎಳೆದ ಸದ್ದು ಫೋನಿನಲ್ಲೇ ಕೇಳಿಸಿತು.

ಇನ್ನೊಂದು ಪ್ರಶ್ನೆ ನನ್ನನ್ನು ಕೊರೆಯುತ್ತಿತ್ತು. ಸದಸ್ಯನಲ್ಲದವನ ಕೈಗೆ ಆ ಮೇಲ್ ಹೋದದ್ದು ಹೇಗೆ? ಅರ್ಜಿಯಲ್ಲಿದ್ದ ಶಿಫಾರಸಿನ ಮಾತು ನೆನಪಾಗಿ, ಆಟೋ ಹಿಡಿದು ನೇರ ಅಧ್ಯಕ್ಷರ ಮನೆಗೆ ಹೋದೆ. ಶ್ರೀಕಂಠಯ್ಯನವರು ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದರು.

"ಸಾರ್, ವೆಂಕಟೇಶನ ಮೇಲ್ ಯಾರಿಗಾದ್ರೂ ಕಳ್ಸಿದ್ರಾ?"

"ನಾನು ಯಾಕೆ ಕಳಿಸಲಿ? ಅರ್ಥ ಕೇಳಿದೆ ಅಷ್ಟೇ."

"ಯಾರನ್ನ?"

"ಮುಳಬಾಗಿಲಿನಲ್ಲಿ ಸಿಮೆಂಟ್ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ. ಅವನಿಗೆ ತೆಲುಗು ಚೆನ್ನಾಗಿ ಬರುತ್ತೆ. ಪೂರ್ತಿ ಮೇಲ್ ಕಳಿಸಿ, ಇದರರ್ಥ 'ಆಮೆ ಲಕ್ಕೂರಿನಲ್ಲಿದೆ' ಅಂತಲೇ ತಾನೆ ಎಂದು ಕೇಳಿದೆ. ದೂರು ಕೊಡುವ ಮುಂಚೆ ಖಚಿತ ಮಾಡಿಕೊಳ್ಳಬೇಡವೇ? ಹೌದು ಸಾರ್ ಎಂದ. ಅವನೇ ಇವತ್ತು ಯಾರೋ ಆಮೆ ಆಸಕ್ತರೊಬ್ಬರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಿ ಎಂದು ಕೇಳಿದ."

ನಾನು ವಿಷಯ ಹೇಳಿದೆ. ಆ ಹಳೆಯ ವಿದ್ಯಾರ್ಥಿ ಭಾಗ್ಯಳ ಗಂಡನಿಗೆ ಚಿಕ್ಕಪ್ಪನ ಮಗ ಎಂಬುದು ನನಗೆ ಆಮೇಲೆ ತಿಳಿಯಿತು. ಅವತ್ತು ಅದು ತಿಳಿಯದೆಯೇ ಅವರ ಮುಖ ಬಿಳಿಚಿಕೊಂಡಿತು. ಜೀವಮಾನವಿಡೀ ಪಾಠ ಹೇಳಿದವರು, ಮಕ್ಕಳ ಹಾಗೆ ಬಾಯಿ ಸ್ವಲ್ಪ ತೆರೆದುಕೊಂಡು ಕೂತರು. ನನಗೆ ಅವರ ಮೇಲೆ ಸಿಟ್ಟು ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು.

"ಈಗ ನಾನು ಏನು ಮಾಡಬೇಕು ಪದ್ಮಾವತಿ?"

"ಏನೂ ಮಾಡಬೇಡಿ ಸಾರ್. ಯಾರಿಗೂ ಏನೂ ಬರೀಬೇಡಿ. ಫೋನ್ ಬಂದ್ರೆ ಎತ್ತಬೇಡಿ."

ಅವರು ಅಷ್ಟನ್ನು ಪಾಲಿಸಿದರು. ಶನಿವಾರದ ಕಮಿಟಿಯಲ್ಲಿ ಕಾರಣ ಹೇಳದೆ ದೂರಿನ ಮಾತನ್ನು ಕೈಬಿಟ್ಟು, ತಮ್ಮ ಓದಿನಲ್ಲಿ ತಪ್ಪಾಯಿತು, ಮೇಲ್‌ನಲ್ಲಿ ಆಮೆಯೇ ಇರಲಿಲ್ಲ ಎಂದರು. ಕಮಿಟಿಯವರು ಅವರನ್ನು ವಯಸ್ಸಾಯಿತು ಎಂಬಂತೆ ನೋಡಿದರು. ಅದನ್ನೂ ಸಹಿಸಿಕೊಂಡರು. ಉತ್ತರ ಬರೆದರೆ ಅದು ಮೂಲ ಮೇಲ್ ಬರೆದವರಿಗೆ ಮಾತ್ರ ಹೋಗುವಂತೆ ಅವತ್ತಿನಿಂದ ಬದಲಾಯಿಸಿದೆವು.

ಗುರುವಾರ ಸಂಜೆಯೇ ಆ ಗಂಡ ಇಬ್ಬರನ್ನು ಕಟ್ಟಿಕೊಂಡು ಲಕ್ಕೂರಿಗೆ ಹೋಗಿದ್ದನಂತೆ. ಅಂಗಡಿ ಅಂಗಡಿ ವಿಚಾರಿಸಿಕೊಂಡು, ಹೊಸ ಹೆಂಗಸು ಯಾರಾದರೂ ಬಂದಿದ್ದಾರಾ ಎಂದು ಕೇಳುತ್ತಾ ಶುಕ್ರವಾರ ಬೆಳಿಗ್ಗೆ ರತ್ನಮ್ಮನ ಗೇಟಿಗೂ ಬಂದ. ರತ್ನಮ್ಮ ಹುಳು ಮನೆಯ ಬಾಗಿಲಿಗೆ ಅಡ್ಡ ನಿಂತು, "ಹುಳ ಜ್ವರಕ್ಕೆ ಕೂತವೆ. ಹೊರಗಿನ ಕಾಲು ಒಳಕ್ಕೆ ಬರಂಗಿಲ್ಲ. ಹೋಗ್ತೀರೋ, ಊರೋರ್ನ ಕರೀಲೋ?" ಎಂದರಂತೆ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲ್ಲಾಡದೆ ಇರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಸಾಕುವವರು ಯಾರನ್ನೂ ಒಳಗೆ ಬಿಡುವುದಿಲ್ಲ, ಕೇಳುವವರು ತಪ್ಪು ತಿಳಿಯುವುದೂ ಇಲ್ಲ. ಆ ಮೂವರೂ ಹಿಂದಿರುಗಿದರು. ಒಳಗೆ ಭಾಗ್ಯ ಇರಲಿಲ್ಲ, ವೆಂಕಟೇಶ ಹಿಂದಿನ ದಿನವೇ ಕರೆದುಕೊಂಡು ಹೋಗಿದ್ದ.

ಕೆಲವು ತಿಂಗಳು ಕಳೆದ ಮೇಲೆ ವೆಂಕಟೇಶ ಅಕ್ಕನನ್ನು ಕರೆದುಕೊಂಡು ಕ್ಲಬ್ಬಿನ ಕಚೇರಿಗೆ ಬಂದ. ಕೋರ್ಟಿನ ಕೆಲಸಕ್ಕೆ ಕೋಲಾರಕ್ಕೆ ಬಂದಿದ್ದರು. ಕೃತಜ್ಞತೆ ಹೇಳಲು ಬಂದಿದ್ದಾರೆ ಎಂದುಕೊಂಡು ಕಾಫಿ ತರಿಸಿದೆ. ಭಾಗ್ಯ ಬಾಗಿಲು ಕಾಣುವ ಕಡೆಯ ಕುರ್ಚಿಯನ್ನೇ ಆರಿಸಿಕೊಂಡು ಕೂತಳು. ಎಡಗೈ ಸ್ವಲ್ಪ ಸೊಟ್ಟಗಿತ್ತು. ಕಾಫಿ ಮುಟ್ಟಲಿಲ್ಲ.

"ನನ್ ವಿಚಾರ ಇದರಲ್ಲಿ ಎಲ್ಲಾದ್ರೂ ಐತಾ?" ಎಂದು ಕಂಪ್ಯೂಟರ್ ಕಡೆ ಗಲ್ಲ ತೋರಿಸಿ ಕೇಳಿದಳು.

"ಇಲ್ಲಮ್ಮಾ. ಎಲ್ಲಾ ತೆಗೆದಾಯ್ತು."

"ತೆಗೆದಿರೋದು ಯಾರು ನೋಡಿದ್ರು?"

"ನಾನೇ."

"ನಾನೂ ನೋಡ್ಬೋದಾ?"

ವೆಂಕಟೇಶನಿಗೆ ನಾಚಿಕೆಯಾಯಿತು. "ಅಕ್ಕಾ, ಮೇಡಂ ಹೇಳ್ತಾ ಅವ್ರಲ್ಲ" ಎಂದ. ಅವಳು ಅವನ ಕಡೆ ತಿರುಗಲೂ ಇಲ್ಲ. ನಾನು ಎದ್ದು ನನ್ನ ಕುರ್ಚಿ ಕೊಟ್ಟೆ. ಅವಳು ಒಂದೊಂದೇ ಅಕ್ಷರ ಒತ್ತಿ ಹುಡುಕಿದಳು. ಲಕ್ಕೂರು ಎಂದು ಹುಡುಕಿದಳು. ರತ್ನಮ್ಮನ ಹೆಸರು, ತಮ್ಮನ ಹೆಸರು, ತನ್ನ ಹೆಸರು. ಕೊನೆಗೆ ಇಂಗ್ಲಿಷ್ ಅಕ್ಷರದಲ್ಲಿ ಆಮೆ ಎಂದು ಒತ್ತಿದಳು. ಪರದೆಯ ತುಂಬ ಆಮೆಗಳು ಬಂದವು. ಅವಳು ಒಂದನ್ನೂ ಬಿಡದೆ ತೆಗೆದು ಓದಿದಳು, ಪ್ರತಿಯೊಂದೂ ನಿಜವಾದ ಆಮೆಯೇ ಎಂದು ಗೊತ್ತಾಗುವ ತನಕ.

"ಬೇರೆ ಕಡೆ ಏನಾದ್ರೂ ಇಟ್ಟಿದೀರಾ ಇದನ್ನ?"

ಅಧ್ಯಕ್ಷರಾಗಲಿ, ಕಮಿಟಿಯಾಗಲಿ, ಆ ಗಂಡನಾಗಲಿ ನನ್ನನ್ನು ಕೇಳದ ಪ್ರಶ್ನೆ ಅದು. ಕಂಪ್ಯೂಟರನ್ನೂ ನಂಬದವಳು ನಾನು. ತೆಗೆದುಹಾಕುವಂಥವನ್ನೂ ಸೇರಿಸಿ ಗುಂಪಿನ ಮೇಲ್‌ಗಳನ್ನೆಲ್ಲ ಆಗಾಗ ಪೆನ್ ಡ್ರೈವ್‌ಗೆ ಇಳಿಸಿ ಇಡುತ್ತಿದ್ದೆ, ಇದು ಯಾರಿಗೂ ಗೊತ್ತಿರಲಿಲ್ಲ. ಮೇಜಿನ ಡ್ರಾಯರಿನಿಂದ ಪೆನ್ ಡ್ರೈವ್ ತೆಗೆದು ಅವಳೆದುರಿಗೇ ಕಂಪ್ಯೂಟರಿಗೆ ಸಿಕ್ಕಿಸಿದೆ. ಅದರಲ್ಲಿ ವೆಂಕಟೇಶನ ಆ ಮೇಲೂ ಇತ್ತು, ಲಕ್ಕೂರಿನ ದಾರಿಯೂ ಇತ್ತು. ಅವಳು ನೋಡುತ್ತಿರುವಂತೆಯೇ ಎರಡನ್ನೂ ಅಳಿಸಿದೆ.

"ಇದೊಂದೇನಾ?" ಎಂದಳು.

"ಇದೊಂದೇ."

ಅವಳು ಏಳಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಾ ಕೂತಳು. ಕೆಳಗಿನ ಬಟ್ಟೆ ಅಂಗಡಿಯಲ್ಲಿ ಯಾರೋ ಚೌಕಾಸಿ ಮಾಡುತ್ತಿದ್ದರು. ನಾನು ಮೂಲೆಗೆ ಹೋಗಿ, ಬೀರುವಿನ ಬೀಗ ತೆಗೆದು, ಇನ್ನೊಂದು ಪೆನ್ ಡ್ರೈವನ್ನೂ ತಂದು ಅವಳ ಮುಂದಿಟ್ಟೆ.